ಪರದೇಶದಲ್ಲಿರುವ ನಮ್ಮ ಮಕ್ಕಳಿಗೆ ಯಾವ ಶಾಲೆ?

ನಮ್ಮ ಶಾಲೆಯಲ್ಲಿ ಓದಿ ಹೊರಟ ಹೆಣ್ಣುಮಕ್ಕಳಲ್ಲಿ ಅನೇಕರು ಈಗ ತಾಯಂದಿರಾಗಿ ದುಬೈ, ಶಾರ್ಜಾ, ಮಸ್ಕತ್, ಬಹ್ರೇನ್, ಕುವೈತ್ ಮೊದಲಾದ ಕಡೆಗಳಲ್ಲಿ ನೆಲಸಿರುವುದು ಈ ಸಂಚಿಕೆಯ ವಾಚಕರಿಗೆ ತಿಳಿದ ಸಂಗತಿಯೇ ಆಗಿದೆ. ಅವರು ನಮಗೆ ಬರೆಯುವಾಗ ಕುಶಲಪ್ರಶ್ನೆಯ ತರುವಾಯ ತಪ್ಪದೆ ಕೇಳುವ ಮಾತೊಂದುಂಟು: ಮಗುವಿಗೆ ಶಾಲೆಗೆ ಸೇರುವ ವಯಸ್ಸಾಯಿತು, ಇಲ್ಲಿ ಭಾರತೀಯ ಪಠ್ಯಕ್ರಮದ ಶಾಲೆಗಳು ಬೇಕಾದಷ್ಟಿವೆ, ನಮ್ಮ ಕೈಗೆ ಎಟಕುವಂಥ ಒಳ್ಳೆಯ ಶಾಲೆಯನ್ನು ಆರಿಸುವುದು ಹೇಗೆ? ಒಬ್ಬೊಬ್ಬರಿಗೆ ಪ್ರತ್ಯೇಕವಾಗಿ ಉತ್ತರ ಬರೆಯುವುದಕ್ಕಿಂತ, ಈ ಸ್ಮರಣಸಂಚಿಕೆಯ ಪುಟಗಳಲ್ಲಿ ನಮ್ಮ ಅಭಿಪ್ರಾಯವನ್ನು ಎಲ್ಲರ ಮುಂದಿಡುವುದು ಯುಕ್ತವೆಂದು ತೋರಿತು. ಊರಿನಲ್ಲಿರುವ ಅಜ್ಜ ಅಜ್ಜಿಯರೂ ಇದನ್ನು ಓದಬೇಕೆಂಬುದು ನಮ್ಮ ಆಶೆ. ಯಾಕಂದರೆ ಇಂಥ ವಿಷಯಗಳಲ್ಲಿ ಅವರ ಮಾತಿಗೂ ಬೆಲೆಯುಂಟು.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ವರಮಾನ ಕುಗ್ಗಿದ ವರ್ಷದಲ್ಲಿಯೂ ಸಾಲ ಮಾಡದೆ ಶುಲ್ಕ ಸಲ್ಲಿಸಬಹುದಾದ, ಯಾವ ದಿನ ಊರಿಗೆ ಮರಳಿದರೂ ಮಗು ತನ್ನ ತರಗತಿಯನ್ನು ಕಳೆದುಕೊಳ್ಳದೆ ಇಲ್ಲಿ ಮುಂದುವರಿಯಬಹುದಾದ, ಮಗನನ್ನೂ ಮಗಳನ್ನೂ ಭೇದವಿಲ್ಲದೆ ಓದಿಸಬಹುದಾದ ಶಾಲೆಯೇ ಪರದೇಶದಲ್ಲಿ ನಮ್ಮವರಿಗೆ ಒಳ್ಳೆಯ ಶಾಲೆ. ಕಟ್ಟಡದ ಎತ್ತರವೂ ಈಜುಕೊಳದ ಅಂದವೂ ಶಾಲೆಯ ಹೆಸರಿನ ಸೊಗಸೂ ಇವುಗಳ ತರುವಾಯ ವಿಚಾರಿಸತಕ್ಕವುಗಳು.

ಓದಿಗಾಗಿ ಮನೆ ಬಿಡುವುದು ಕೊಡಗಿನವರಿಗೆ ಹೊಸ ಸಂಗತಿಯಲ್ಲ. ಮಡಿಕೇರಿಯಲ್ಲಿ ಸರಕಾರಿ ಕಾಲೇಜು ಆರಂಭವಾದದ್ದು 1949ರಲ್ಲಿ. ಅದಕ್ಕೆ ಮುಂಚೆ ಉನ್ನತ ವಿದ್ಯೆ ಬೇಕೆಂದವರು ಘಟ್ಟವಿಳಿದು ಮಂಗಳೂರಿಗೋ, ಬಯಲುಸೀಮೆಯ ಮೈಸೂರಿಗೋ, ದೂರದ ಮದರಾಸಿಗೋ ಹೋಗಬೇಕಾಗಿತ್ತು. ಮತ್ತೆ ನಮ್ಮದು ಸಿಪಾಯಿಗಳ ನಾಡು. ತಂದೆಗೆ ಅಂಬಾಲೆಯಿಂದ ಪುಣೆಗೆ, ಪುಣೆಯಿಂದ ಜಮ್ಮುವಿಗೆ ವರ್ಗವಾದಂತೆಲ್ಲ ಮಕ್ಕಳ ಪಾಠ ನಡುವೆ ಕಡಿದುಹೋಗುತ್ತಿದ್ದುದನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲರು. ಈ ಕಷ್ಟದ ಪರಿಹಾರಕ್ಕಾಗಿಯೇ ಕೇಂದ್ರ ಸರಕಾರವು 1963ರಲ್ಲಿ 20 ರೆಜಿಮೆಂಟ್ ಶಾಲೆಗಳನ್ನು ವಹಿಸಿಕೊಂಡು, ಈಗ ಕೇಂದ್ರೀಯ ವಿದ್ಯಾಲಯಗಳೆಂದು ಪ್ರಸಿದ್ಧವಾಗಿರುವ ಶಾಲೆಗಳಿಗೆ ಅಸ್ತಿಭಾರ ಹಾಕಿತು. ಅದಕ್ಕೆ ಒಂದು ವರ್ಷ ಮುಂಚೆ, 1962ರಲ್ಲಿ, ಸಿ.ಬಿ.ಎಸ್.ಇ. ಎಂದು ಎಲ್ಲರೂ ಕರೆಯುವ ಕೇಂದ್ರೀಯ ಮಂಡಳಿಯು ಪುನಾರಚನೆ ಹೊಂದಿತು. ಮೇಲಿಂದ ಮೇಲೆ ವರ್ಗವಾಗುವ ನೌಕರರ ಮಕ್ಕಳಿಗೆ ಎಲ್ಲಿ ಹೋದರೂ ಒಂದೇ ಪಾಠಕ್ರಮ ದೊರೆಯಬೇಕೆಂಬುದು ಆ ಪುನಾರಚನೆಯ ಮುಖ್ಯ ಉದ್ದೇಶಗಳಲ್ಲಿ ಒಂದು. ಎಂದರೆ, ಒಂದೂರಿನಲ್ಲಿ ನಿಲ್ಲದ ಕುಟುಂಬದ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು ಏರ್ಪಟ್ಟ ಪಠ್ಯಕ್ರಮ ಇದಾಗಿದೆ. ಇಂದು ಇಪ್ಪತ್ತಕ್ಕೂ ಹೆಚ್ಚು ಪರದೇಶಗಳಲ್ಲಿ ಈ ಮಂಡಳಿಗೆ ಸೇರಿದ ಇನ್ನೂರಕ್ಕೂ ಮಿಕ್ಕಿ ಶಾಲೆಗಳಿದ್ದು, ಅವುಗಳಲ್ಲಿ ಬಹುಪಾಲು ಕೊಲ್ಲಿ ರಾಷ್ಟ್ರಗಳಲ್ಲಿಯೇ ಇರುವುದರ ಕಾರಣವೂ ಇದೇ.

ಪರದೇಶದ ನೌಕರಿಯು ನಾವು ಬಯಸಿದಷ್ಟು ಕಾಲ ನಮ್ಮ ಕೈಯಲ್ಲಿರುವಂಥದ್ದಲ್ಲ. 1990ರ ಆಗಸ್ಟಿನಲ್ಲಿ ಕುವೈತ್ ಇರಾಕಿನ ವಶವಾದಾಗ, ಕೆಲವೇ ವಾರಗಳೊಳಗೆ ಸುಮಾರು 1,70,000 ಭಾರತೀಯರು ಉಟ್ಟ ಬಟ್ಟೆಯಲ್ಲಿ ಸ್ವದೇಶಕ್ಕೆ ಬರಬೇಕಾಯಿತು. ಸೌದಿ ಅರೇಬಿಯದಲ್ಲಿ 2017ರ ಜುಲೈಯಿಂದ, ಜತೆಗಿರುವ ಹೆಂಡತಿ ಮಕ್ಕಳ ತಲೆಯೊಂದಕ್ಕೆ ತಿಂಗಳಿಗೆ 100 ರಿಯಾಲಿನಂತೆ ಶುಲ್ಕ ವಿಧಿಸಿದರು. ಅದು ವರ್ಷವರ್ಷಕ್ಕೆ ಏರಿ 2020ರಲ್ಲಿ 400 ರಿಯಾಲಾಯಿತು. ಹೆಂಡತಿಯೂ ಮೂವರು ಮಕ್ಕಳೂ ಇದ್ದವನು ಶಾಲೆಯ ಶುಲ್ಕಕ್ಕೆ ಕೈ ಹಾಕುವ ಮುಂಚೆಯೇ ತಿಂಗಳಿಗೆ 1,600 ರಿಯಾಲು ತೆರಬೇಕಾಯಿತು. ಆ ವರ್ಷಗಳಲ್ಲಿ ಎಷ್ಟೋ ಸಂಸಾರಗಳು ತಂದೆಯೊಬ್ಬನನ್ನು ಅಲ್ಲಿ ಬಿಟ್ಟು ಊರಿಗೆ ಮರಳಿದವು. 2020ರ ಮೇ 7ರಿಂದ ಹೊರಟ ವಂದೇ ಭಾರತ್ ವಿಮಾನಗಳಲ್ಲಿ ಬಂದ ಮಕ್ಕಳನ್ನಂತೂ ನಮ್ಮ ನೆರೆಹೊರೆಯಲ್ಲಿಯೇ ಕಂಡಿದ್ದೇವೆ. ಇಂಥ ದಿನಗಳು ಬಂದಾಗ ತಂದೆತಾಯಿಗಳು ಮೊದಲು ಕೇಳುವುದು, ಮಗು ನಾಳೆ ಯಾವ ತರಗತಿಯಲ್ಲಿ ಕುಳಿತುಕೊಳ್ಳಬಹುದು ಎಂಬುದನ್ನೇ. ಅಲ್ಲಿಯ ಏಳನೆಯ ತರಗತಿಯೂ ಇಲ್ಲಿಯ ಏಳನೆಯ ತರಗತಿಯೂ ಒಂದೇ ಪಾಠಕ್ರಮದವುಗಳಾಗಿದ್ದರೆ ಈ ಪ್ರಶ್ನೆಗೆ ಉತ್ತರ ಸುಲಭವಾಗುತ್ತದೆ. ಆದುದರಿಂದ ಭಾರತೀಯ ಪಠ್ಯಕ್ರಮವನ್ನು ಆರಿಸುವವರು ಅಗ್ಗದ ದಾರಿ ಹಿಡಿದರೆಂದು ಯಾರೂ ತಿಳಿಯಬಾರದು. ಅವರು ಮರಳುವ ದಾರಿಯನ್ನು ತೆರೆದಿಟ್ಟುಕೊಂಡರೆಂದು ತಿಳಿಯಬೇಕು.

ಈ ದಾರಿಯಲ್ಲಿಯೂ ಎಚ್ಚರದಿಂದಿರತಕ್ಕ ಎರಡು ತಿರುವುಗಳುಂಟು. ಮಂಡಳಿಯ ನಿಯಮದಂತೆ ಒಂಬತ್ತು ಹತ್ತನೆಯ ತರಗತಿಗಳು ಒಂದು ಜೋಡಿ, ಹನ್ನೊಂದು ಹನ್ನೆರಡನೆಯವು ಮತ್ತೊಂದು ಜೋಡಿ. ಜೋಡಿಯ ನಡುವೆ ಶಾಲೆ ಬದಲಿಸುವುದಕ್ಕೆ ತಂದೆಯ ವರ್ಗಾವಣೆಯಂಥ ತಕ್ಕ ಕಾರಣವನ್ನೂ ಅದರ ಪತ್ರಗಳನ್ನೂ ತೋರಿಸಬೇಕಾಗುತ್ತದೆ. ಮರಳುವ ಯೋಚನೆಯಿರುವವರು ಎಂಟನೆಯ ತರಗತಿ ಮುಗಿದಾಗಲೋ ಹತ್ತನೆಯದು ಮುಗಿದಾಗಲೋ ಮರಳುವುದು ಲೇಸು. ವರ್ಗಾವಣೆ ಪತ್ರವನ್ನು ಅಲ್ಲಿಯ ಶಿಕ್ಷಣ ಇಲಾಖೆಯಿಂದಲೂ ನಮ್ಮ ದೂತಾವಾಸದಿಂದಲೂ ದೃಢೀಕರಿಸಿಕೊಳ್ಳಬೇಕಾದೀತು. ಇದನ್ನು ವಿಮಾನ ಹತ್ತುವ ವಾರಕ್ಕೆ ಬಿಡದೆ ಮುಂಚಿತವಾಗಿ ವಿಚಾರಿಸಿಕೊಳ್ಳತಕ್ಕದ್ದು. ಶುಲ್ಕ ಬಾಕಿಯಿದ್ದರೆ ಆ ಪತ್ರ ಕೈಗೆ ಬರುವುದೇ ಕಷ್ಟ ಎಂಬುದನ್ನೂ ಮರೆಯಬಾರದು.

ಇನ್ನು ಶುಲ್ಕದ ವಿಷಯ. ದುಬೈಯಲ್ಲಿ ಭಾರತೀಯ ಪಠ್ಯಕ್ರಮದ ಶಾಲೆಗಳ ಶುಲ್ಕವು ವರ್ಷಕ್ಕೆ ಐದಾರು ಸಾವಿರ ದಿರಹಮಿನಿಂದ ಮೂವತ್ತು ಸಾವಿರಕ್ಕೂ ಮೇಲಿನವರೆಗೆ ಹರಡಿಕೊಂಡಿದೆ. ಆದರೆ ಶುಲ್ಕವೊಂದನ್ನೇ ನೋಡಿ ಲೆಕ್ಕ ಮಾಡುವುದು ತೋಟದ ಖರ್ಚಿನಲ್ಲಿ ಗೊಬ್ಬರವನ್ನು ಮಾತ್ರ ಬರೆದು ಆಳಿನ ಕೂಲಿಯನ್ನು ಬಿಟ್ಟಂತೆ. ತಿಂಗಳಿಗೆ 7,000 ದಿರಹಮು ಸಂಬಳದ ಒಂದು ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆಂದು ಇಟ್ಟುಕೊಳ್ಳೋಣ. ಒಬ್ಬೊಬ್ಬರಿಗೆ ಶುಲ್ಕ 8,000, ಬಸ್ಸಿಗೆ 3,500, ಪುಸ್ತಕ ಸಮವಸ್ತ್ರಗಳಿಗೆ 1,000 ಎಂದರೆ 12,500 ಆಯಿತು. ಇಬ್ಬರಿಗೆ 25,000. ವರ್ಷದ ಸಂಬಳ 84,000 ಆಗಿರುವಲ್ಲಿ ಹತ್ತರಲ್ಲಿ ಮೂರು ಪಾಲು ಶಾಲೆಗೇ ಹೋಯಿತು. ಇದೇ ಮನೆಯವರು ನೆರೆಯವರನ್ನು ನೋಡಿ 18,000 ಶುಲ್ಕದ ಶಾಲೆಗೆ ಸೇರಿಸಿದರೆ ಒಟ್ಟು 45,000 ಆಗಿ, ಸಂಬಳದ ಅರ್ಧಕ್ಕಿಂತ ಹೆಚ್ಚು ಅಲ್ಲಿಗೇ ಮುಗಿಯುತ್ತದೆ. ಮನೆಬಾಡಿಗೆ, ಊಟ, ವೈದ್ಯ, ಊರಿಗೆ ಕಳುಹಿಸತಕ್ಕ ಹಣ ಇವೆಲ್ಲ ಉಳಿದ ಅರ್ಧದೊಳಗೆ ಅಡಗಬೇಕು. ಶುಲ್ಕವು ಮೇಲಿನ ತರಗತಿಗೆ ಹೋದಂತೆ ಏರುವುದೇ ವಾಡಿಕೆ. ಆದುದರಿಂದ ಶಿಶುವಿಹಾರದ ಶುಲ್ಕವನ್ನು ನೋಡಿ ಶಾಲೆಯನ್ನು ಆರಿಸಬಾರದು. ಹತ್ತನೆಯ ತರಗತಿಯ ಶುಲ್ಕವನ್ನು ಕೇಳಿ ತಿಳಿದು, ಅದನ್ನು ಕೊಡಬಲ್ಲೆವೋ ಎಂದು ಯೋಚಿಸಿ ಆರಿಸಬೇಕು.

ಹಾಗಾದರೆ ಕಡಿಮೆ ಶುಲ್ಕದ ಶಾಲೆಯಲ್ಲಿ ಕಲಿಕೆಯೂ ಕಡಿಮೆಯಿರಬಹುದಲ್ಲವೇ ಎಂದು ಕೇಳುವವರುಂಟು. ಕೆಲವೆಡೆ ಹಾಗೆ ಇರಬಹುದು, ಎಲ್ಲೆಡೆಯೂ ಹಾಗೆಂದು ಹೇಳಲಾಗದು. ಇದನ್ನು ತಿಳಿಯುವುದಕ್ಕೆ ಈಗ ಸಾಧನಗಳಿವೆ. ದುಬೈಯ ಕೆ.ಎಚ್.ಡಿ.ಎ. ಎಂಬ ಅಧಿಕಾರಮಂಡಲವು 2008ರಿಂದೀಚೆಗೆ ಖಾಸಗಿ ಶಾಲೆಗಳನ್ನು ಪರಿಶೀಲಿಸಿ, ಅತ್ಯುತ್ಕೃಷ್ಟದಿಂದ ಅತಿ ದುರ್ಬಲದವರೆಗೆ ದರ್ಜೆ ಕೊಟ್ಟು, ವರದಿಗಳನ್ನು ಎಲ್ಲರೂ ಓದುವಂತೆ ಪ್ರಕಟಿಸಿದೆ. ಒಂದೊಂದು ಶಾಲೆಗೆ ಮಂಜೂರಾದ ಶುಲ್ಕದ ಪಟ್ಟಿಯೂ ಅಲ್ಲಿಯೇ ದೊರೆಯುತ್ತದೆ. ಅಬುಧಾಬಿಯಲ್ಲಿಯೂ ಶಾರ್ಜಾದಲ್ಲಿಯೂ ಇಂಥ ಪರಿಶೀಲನೆಯ ಏರ್ಪಾಡುಗಳುಂಟು. ವರದಿಯ ಮುಖಪುಟದ ದರ್ಜೆಯನ್ನು ಮಾತ್ರ ನೋಡದೆ ಒಳಪುಟಗಳನ್ನೂ ಓದಬೇಕೆಂದು ನಾವು ಹೇಳುತ್ತೇವೆ. ಸಾಧಾರಣ ಶುಲ್ಕದ ಶಾಲೆಯಲ್ಲಿ ಗಣಿತದ ಪಾಠ ಚೆನ್ನಾಗಿದೆ, ಉಪಾಧ್ಯಾಯರು ಮಕ್ಕಳನ್ನು ಬಲ್ಲರು ಎಂದು ಬರೆದಿದ್ದರೆ, ಅದು ಈಜುಕೊಳಕ್ಕಿಂತ ಮೇಲಾದ ಸಂಪತ್ತು.

ಲಾಭಕ್ಕಾಗಿ ನಡೆಸದ ಶಾಲೆಗಳನ್ನು ಮೊದಲು ವಿಚಾರಿಸಬೇಕೆಂಬುದು ನಮ್ಮ ಸಲಹೆ. ಕೊಲ್ಲಿಯ ಭಾರತೀಯರು ತಮ್ಮ ಮಕ್ಕಳಿಗೆಂದು ತಾವೇ ಕಟ್ಟಿಕೊಂಡ ಶಾಲೆಗಳು ಹಲವುಂಟು. ಬಹ್ರೇನಿನ ಇಂಡಿಯನ್ ಸ್ಕೂಲು 1950ರಲ್ಲಿ, ದುಬೈಯ ಇಂಡಿಯನ್ ಹೈಸ್ಕೂಲು 1961ರಲ್ಲಿ, ಮಸ್ಕತಿನ ಇಂಡಿಯನ್ ಸ್ಕೂಲು 1975ರಲ್ಲಿ ಹುಟ್ಟಿದವು. ಒಮಾನಿನಲ್ಲಿ ಇಂಥ ಭಾರತೀಯ ಶಾಲೆಗಳು ಇಪ್ಪತ್ತಕ್ಕೂ ಹೆಚ್ಚಿದ್ದು ಒಂದೇ ಮಂಡಲಿಯ ಆಡಳಿತಕ್ಕೆ ಒಳಪಟ್ಟಿವೆ. ಸೌದಿಯಲ್ಲಿ ಜೆದ್ದಾ, ರಿಯಾದ್ ಮೊದಲಾದ ಊರುಗಳ ಶಾಲೆಗಳು ನಮ್ಮ ರಾಯಭಾರ ಕಚೇರಿಯ ಆಶ್ರಯದಲ್ಲಿವೆ. ಬಹ್ರೇನಿನಲ್ಲಿ ಪೋಷಕರೇ ಮತ ಕೊಟ್ಟು ಆಡಳಿತ ಸಮಿತಿಯನ್ನು ಚುನಾಯಿಸುತ್ತಾರೆ. ಇಂಥ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ದೊಡ್ಡದು, ಕೆಲವೆಡೆ ಬೆಳಗಿನ ಪಾಳಿ ಮಧ್ಯಾಹ್ನದ ಪಾಳಿ ಎಂದು ಎರಡು ಪಾಳಿಗಳೂ ಇರುತ್ತವೆ. ಆ ಅನಾನುಕೂಲವನ್ನು ಮರೆಮಾಡುವುದು ನಮ್ಮ ಇಚ್ಛೆಯಲ್ಲ. ಆದರೆ ಪೋಷಕರು ಸಭೆಗೆ ಹೋಗಿ ಪ್ರಶ್ನೆ ಕೇಳಬಹುದಾದ ಶಾಲೆಯು, ಶುಲ್ಕದ ರಸೀತಿ ಮಾತ್ರ ಪಡೆದು ಹಿಂದಿರುಗುವ ಶಾಲೆಗಿಂತ ನಮ್ಮದಾಗಿರುತ್ತದೆ.

ಉಪಾಧ್ಯಾಯಿನಿಯರಾಗಿ ನಮ್ಮ ಅನುಭವದಿಂದ ಕೆಲವು ಪ್ರಶ್ನೆಗಳನ್ನು ಹೇಳಿಕೊಡುತ್ತೇವೆ. ಶಾಲೆಯನ್ನು ವಾರ್ಷಿಕೋತ್ಸವದ ದಿನ ನೋಡಬೇಡಿ, ಸಾಧಾರಣ ದಿನವೊಂದರಲ್ಲಿ ಅಪ್ಪಣೆ ಪಡೆದು ನೋಡಿರಿ. ಒಂದು ತರಗತಿಯಲ್ಲಿ ಎಷ್ಟು ಮಕ್ಕಳೆಂದು ಕೇಳಿರಿ. ಕಳೆದ ವರ್ಷ ಪಾಠ ಹೇಳಿದ ಉಪಾಧ್ಯಾಯಿನಿಯರಲ್ಲಿ ಎಷ್ಟು ಮಂದಿ ಈ ವರ್ಷವೂ ಇದ್ದಾರೆಂದು ಕೇಳಿರಿ. ಶುಲ್ಕ ಎಷ್ಟೇ ಇರಲಿ, ವರ್ಷಕ್ಕೆ ಎರಡು ಸಾರಿ ಗುರು ಬದಲಾಗುವ ತರಗತಿಯಲ್ಲಿ ಮಗು ಬೇರೂರುವುದಿಲ್ಲ. ಶಾಲೆಗೆ ಮಂಡಳಿಯ ಮಾನ್ಯತೆ ಯಾವ ತರಗತಿಯವರೆಗೆ ಇದೆಯೆಂಬುದನ್ನು ಕಾಗದದಲ್ಲಿ ನೋಡಿ ತಿಳಿಯಿರಿ. ಹೊಸ ಶಾಲೆಗಳಲ್ಲಿ ಮೇಲಿನ ತರಗತಿಗಳು ಇನ್ನೂ ತೆರೆಯದೆ ಇರಬಹುದು. ಬಸ್ಸಿನಲ್ಲಿ ಮಗು ಎಷ್ಟು ಹೊತ್ತು ಕುಳಿತಿರಬೇಕೆಂದು ಕೇಳಿರಿ. ಆ ಬಿಸಿಲಿನ ದೇಶದಲ್ಲಿ ಹೋಗುವುದಕ್ಕೊಂದು ಗಂಟೆ ಬರುವುದಕ್ಕೊಂದು ಗಂಟೆ ಆದರೆ, ಆರು ವರ್ಷದ ಮಗುವಿಗೆ ಆಟಕ್ಕೂ ನಿದ್ರೆಗೂ ಸಮಯ ಉಳಿಯದು.

ಇಂಗ್ಲೆಂಡಿನ ಪಠ್ಯಕ್ರಮದ ಶಾಲೆಗಳನ್ನು ನಾವು ನಿಂದಿಸುವುದಿಲ್ಲ. ಶಕ್ತಿಯುಳ್ಳವರು, ಮಕ್ಕಳನ್ನು ಮುಂದೆ ಪಶ್ಚಿಮದಲ್ಲಿಯೇ ಓದಿಸಬೇಕೆಂದು ನಿಶ್ಚಯಿಸಿದವರು ಅಲ್ಲಿಗೆ ಕಳುಹಿಸಲಿ. ಅವುಗಳಲ್ಲಿ ತೇರ್ಗಡೆಯಾದವರಿಗೂ ಭಾರತದ ವಿಶ್ವವಿದ್ಯಾನಿಲಯಗಳ ಬಾಗಿಲು ಮುಚ್ಚಿಲ್ಲ, ಸಮಾನತೆಯ ಪತ್ರ ಪಡೆದು ಸೇರಬಹುದು. ಆದರೆ ನಡುವೆ ಊರಿಗೆ ಬರುವ ಸಂಭವವಿರುವ ಮಧ್ಯಮ ಸಂಬಳದ ಕುಟುಂಬಕ್ಕೆ ಆ ದಾರಿ ದುಬಾರಿಯೂ ಹೌದು, ಮಗುವಿಗೆ ಕಷ್ಟವೂ ಹೌದು.

ಈಗ ನಮ್ಮ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದ ಮಾತನ್ನು ಹೇಳಬೇಕಾಗಿದೆ. ಕೈ ಬಿಗಿಯಾದಾಗ ಮನೆಗಳಲ್ಲಿ ಒಂದು ಹಂಚಿಕೆ ಸದ್ದಿಲ್ಲದೆ ನಡೆಯುತ್ತದೆ. ಮಗನಿಗೆ ಹೆಸರಾಂತ ಶಾಲೆ, ಮಗಳಿಗೆ ಹತ್ತಿರದಲ್ಲಿದ್ದ ಯಾವುದೋ ಒಂದು. ಇನ್ನೂ ಬಿಗಿಯಾದರೆ ಮಗ ತಂದೆತಾಯಿಗಳ ಸಂಗಡ, ಮಗಳು ಊರಿನಲ್ಲಿ ಅಜ್ಜಿಯ ಬಳಿ. "ಅವಳು ಹೇಗೂ ಹೊಂದಿಕೊಳ್ಳುತ್ತಾಳೆ" ಎಂಬ ಮಾತನ್ನು ನಾವು ಎಷ್ಟೋ ಸಾರಿ ಕೇಳಿದ್ದೇವೆ. ಹೊಂದಿಕೊಳ್ಳುವುದು ಅವಳ ಗುಣವಾಗಿರಬಹುದು. ಅದನ್ನೇ ನೆಪ ಮಾಡಿ ಅವಳ ಪಾಲನ್ನು ಕುಗ್ಗಿಸುವುದು ನ್ಯಾಯವಲ್ಲ. ಹೆಣ್ಣುಮಕ್ಕಳಿಗೆಂದೇ ತೆರೆದ ಶಾಲೆಯಲ್ಲಿ ಓದಿದ ತಾಯಂದಿರು ಇದನ್ನು ಒಪ್ಪಿ ಸುಮ್ಮನಿರತಕ್ಕದ್ದಲ್ಲ. ಇಬ್ಬರನ್ನೂ 18,000ದ ಶಾಲೆಗೆ ಕಳುಹಿಸಲಾಗದಿದ್ದರೆ ಇಬ್ಬರನ್ನೂ 8,000ದ ಶಾಲೆಗೆ ಕಳುಹಿಸಿರಿ. ಶಾಲೆಯನ್ನು ಆರಿಸುವಾಗಲೇ, ಹುಡುಗಿಯರ ವಿಭಾಗದಲ್ಲಿ ಹನ್ನೊಂದನೆಯ ತರಗತಿಗೆ ವಿಜ್ಞಾನವುಂಟೋ, ಗಣಿತವುಂಟೋ, ಪ್ರಯೋಗಶಾಲೆ ಹುಡುಗರಿಗೂ ಹುಡುಗಿಯರಿಗೂ ಸಮನಾಗಿ ದೊರೆಯುವುದೋ ಎಂದು ಕೇಳಿರಿ.

ಹತ್ತನೆಯ ತರಗತಿಯಾದ ಮೇಲೆ ಮತ್ತೊಂದು ಕವಲು ಬರುತ್ತದೆ. ಕರ್ನಾಟಕದ ವೃತ್ತಿಶಿಕ್ಷಣದ ಸರಕಾರಿ ಸೀಟುಗಳಿಗೆ ವಿದ್ಯಾರ್ಥಿಯು ರಾಜ್ಯದಲ್ಲಿ ಏಳು ವರ್ಷ ಓದಿರಬೇಕೆಂಬುದು ಸಾಮಾನ್ಯ ನಿಯಮ. ತಂದೆ ಅಥವಾ ತಾಯಿ ಇಲ್ಲಿ ಏಳು ವರ್ಷ ಓದಿದವರಾಗಿ, ಮಗು ಪಿ.ಯು.ಸಿ.ಯ ಎರಡು ವರ್ಷಗಳನ್ನು ಇಲ್ಲಿಯೇ ಓದಿದರೂ ಅರ್ಹತೆ ದೊರೆಯುವ ಉಪನಿಯಮವುಂಟು. ಇನ್ನೊಂದು ಕಡೆ, ಹನ್ನೊಂದು ಹನ್ನೆರಡನ್ನು ಕೊಲ್ಲಿಯಲ್ಲಿಯೇ ಮುಗಿಸಿದ ಅಲ್ಲಿಯ ದುಡಿಮೆಗಾರರ ಮಕ್ಕಳಿಗೆ ಎನ್.ಐ.ಟಿ. ಮೊದಲಾದ ಸಂಸ್ಥೆಗಳಲ್ಲಿ ಡಾಸಾ ಯೋಜನೆಯ ಮೂಲಕ ಪ್ರತ್ಯೇಕ ಸ್ಥಾನಗಳಿದ್ದು, ಅವರ ಶುಲ್ಕವೂ ಸ್ವದೇಶದ ವಿದ್ಯಾರ್ಥಿಗಳ ಶುಲ್ಕದಂತೆಯೇ ಇರುತ್ತದೆ. ಎರಡೂ ದಾರಿಗಳಲ್ಲಿ ಏಕಕಾಲಕ್ಕೆ ನಡೆಯಲಾಗದು. ಆದುದರಿಂದ ಮಗು ಒಂಬತ್ತನೆಯ ತರಗತಿಯಲ್ಲಿರುವಾಗಲೇ ಆ ವರ್ಷದ ನಿಯಮಪುಸ್ತಕಗಳನ್ನು ತರಿಸಿ ಓದಿ, ಮಗುವನ್ನೂ ಕೂರಿಸಿಕೊಂಡು ಯೋಚಿಸತಕ್ಕದ್ದು. ತಾಯಿ ನಮ್ಮ ಶಾಲೆಯಲ್ಲಿ ಓದಿದ ವರ್ಷಗಳು ಮಗಳ ಅರ್ಹತೆಗೆ ಆಧಾರವಾಗಬಹುದಾದ್ದರಿಂದ, ನಿಮ್ಮ ಹಳೆಯ ವ್ಯಾಸಂಗ ಪತ್ರಗಳನ್ನು ಜೋಪಾನವಾಗಿಟ್ಟುಕೊಳ್ಳಿರಿ.

ಕಡೆಯದಾಗಿ ಭಾಷೆಯ ವಿಚಾರ. ಅಲ್ಲಿಯ ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಪಾಠ ನಡೆಯುತ್ತದೆ, ಎರಡನೆಯ ಭಾಷೆಯಾಗಿ ಹಿಂದಿಯೋ ಮಲೆಯಾಳವೋ ಬರುತ್ತದೆ, ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ಕೆಳ ಮತ್ತು ನಡುವಣ ತರಗತಿಗಳಿಗೆ ಅರಬ್ಬಿಯೂ ಕಡ್ಡಾಯ. ಕನ್ನಡ ಕಲಿಸುವ ಶಾಲೆ ಅಲ್ಲಿ ವಿರಳ. ಊರಿಗೆ ಮರಳಿದಾಗಲಾದರೋ, 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಪ್ರಕಾರ ರಾಜ್ಯದ ಶಾಲೆಗಳಲ್ಲಿ, ಕೇಂದ್ರೀಯ ಮಂಡಳಿಯವುಗಳನ್ನೂ ಸೇರಿಸಿ, ಕನ್ನಡವನ್ನು ಕಲಿಯಬೇಕಾಗುತ್ತದೆ. ನಮ್ಮ ಜಿಲ್ಲೆಯ ಮನೆಗಳಲ್ಲಿ ಆಡುವ ಮಾತು ಕೊಡವತಕ್ಕೋ, ಅರೆಭಾಷೆಯೋ, ತುಳುವೋ, ಕೊಂಕಣಿಯೋ, ಬ್ಯಾರಿಯೋ ಆಗಿರಬಹುದು. ಆದರೆ ಇವುಗಳಲ್ಲಿ ಬಹುತೇಕ ಎಲ್ಲವನ್ನೂ ನಾವು ಬರೆಯುವುದು ಕನ್ನಡ ಅಕ್ಷರಗಳಲ್ಲಿಯೇ. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಪ್ರಕಟಿಸಿದ ಪಟ್ಟೋಲೆ ಪಳಮೆಯನ್ನು ಓದಬೇಕಾದರೂ ಕನ್ನಡ ಲಿಪಿ ಬೇಕು. ಅಕ್ಷರ ತಪ್ಪಿದ ಮಗುವಿಗೆ ಕನ್ನಡವೂ ಹೋಯಿತು, ಮನೆಮಾತಿನ ಬರಹವೂ ಹೋಯಿತು. ಇದರ ಪರಿಹಾರಕ್ಕೆ ಹೆಚ್ಚು ಶುಲ್ಕ ಬೇಕಾಗಿಲ್ಲ. ದುಬೈಯಲ್ಲಿ ಕನ್ನಡ ಮಿತ್ರರು ಎಂಬ ಸಂಘದವರು ರಜಾದಿನಗಳಲ್ಲಿ ಕನ್ನಡ ಪಾಠಶಾಲೆಯನ್ನು ಉಚಿತವಾಗಿ ನಡೆಸುತ್ತಿದ್ದಾರೆ. ಅದು ದೂರವಾದರೆ, ದಿನಕ್ಕೆ ಅರ್ಧ ಗಂಟೆ ತಾಯಿಯೇ ಗುರುವಾಗಬಹುದು. ಸ್ಲೇಟಿನ ಮೇಲೆ ಅ ಆ ಇ ಈ ಬರೆಸುವುದನ್ನು ನೀವು ಇಲ್ಲಿಯೇ ಕಲಿತವರು.

ಶುಲ್ಕ ಹೊಂದದೆ ಮಗುವನ್ನು ಊರಿನಲ್ಲಿ ಬಿಡಬೇಕಾದ ಕುಟುಂಬಗಳೂ ಇರುವುವು. ಅವರನ್ನು ನಾವು ದೂರುವುದಿಲ್ಲ. ಅಜ್ಜಿಯ ಮನೆಯಲ್ಲಿ ಪ್ರೀತಿಗೆ ಕೊರತೆಯಿರದು, ನಮ್ಮ ಜಿಲ್ಲೆಯಲ್ಲಿ ಒಳ್ಳೆಯ ಶಾಲೆಗಳಿಗೂ ಕೊರತೆಯಿಲ್ಲ. ಕೂಡಿಗೆಯ ಸೈನಿಕ ಶಾಲೆಯು ಈಗ ಹುಡುಗಿಯರನ್ನೂ ಪರೀಕ್ಷೆಯ ಮೂಲಕ ಸೇರಿಸಿಕೊಳ್ಳುತ್ತದೆ. ಆದರೆ ದುಬಾರಿ ಶಾಲೆಯ ಹೆಸರಿಗಾಗಿ ಒಬ್ಬನನ್ನು ಅಲ್ಲಿರಿಸಿ ಒಬ್ಬಳನ್ನು ಇಲ್ಲಿಗೆ ಕಳುಹಿಸುವ ಮುಂಚೆ, ಸಾಧಾರಣ ಶುಲ್ಕದ ಶಾಲೆಯೊಂದರಲ್ಲಿ ಇಬ್ಬರನ್ನೂ ಓದಿಸಿ ಸಂಸಾರವೆಲ್ಲ ಒಂದೇ ಸೂರಿನಡಿ ಇರಬಹುದೇ ಎಂದು ಲೆಕ್ಕ ಹಾಕಿ ನೋಡಿರೆಂದು ಬೇಡಿಕೊಳ್ಳುತ್ತೇವೆ. ಸಂಜೆ ಪುಸ್ತಕ ತೆರೆದಾಗ ಪಕ್ಕದಲ್ಲಿ ತಂದೆಯೋ ತಾಯಿಯೋ ಇರುವುದು ಮಗುವಿನ ವಿದ್ಯೆಗೆ ಎಷ್ಟು ಸಹಾಯವೆಂಬುದನ್ನು ಇಷ್ಟು ವರ್ಷ ಪಾಠ ಹೇಳಿದ ನಾವು ಬಲ್ಲೆವು.

ರಜೆಗೆ ಊರಿಗೆ ಬಂದಾಗ ಮಕ್ಕಳನ್ನು ಕರೆದುಕೊಂಡು ಶಾಲೆಗೆ ಬನ್ನಿರಿ. ಅವರ ಪುಸ್ತಕಗಳನ್ನೂ ಅಂಕಪಟ್ಟಿಗಳನ್ನೂ ತನ್ನಿರಿ. ಯಾವ ವಿಷಯದಲ್ಲಿ ಹಿಂದೆ, ಯಾವುದರಲ್ಲಿ ಮುಂದೆ ಎಂದು ನೋಡಿ ಹೇಳುವುದಕ್ಕೆ ನಾವೂ ನಮ್ಮ ಉಪಾಧ್ಯಾಯಿನಿಯರೂ ಸಿದ್ಧರಿದ್ದೇವೆ.